ಮೆಣಸಿನಕಾಯಿಗೆ ಬಿದ್ದರೆ ಔಟ್

ಬ್ಯಾಡಗಿ ಹತ್ತಿರದ ಕದರಮಂಡಲಗಿಯಲ್ಲಿ ನಾವು ಕ್ರಿಕೆಟ್ ಆಡಿದ್ದು ಚೌಡವ್ವನ ಕಣದಲ್ಲಿ, ಅವಳದೇ ಕಾನೂನಿನಂತೆ. ಎತ್ತಿ ಹೊಡೆದ ಚೆಂಡು ಒಣಹಾಕಿದ ಮೆಣಸಿನಕಾಯಿಗೆ ಬಿದ್ದರೆ ಹೊಡೆದವನು ಔಟ್. ಅವಳ ಮಗ ಮೈಲೇಶ ಆಲ್‌ರೌಂಡರ್ ಆದದ್ದೇ ಇದರಿಂದ. ಬ್ಯಾಟ್ ಹಿಡಿದರೆ ಚೆಂಡನ್ನು ನೆಲ ಬಿಟ್ಟು ಏಳಗೊಡುತ್ತಿರಲಿಲ್ಲ. ಬೌಲಿಂಗಿಗೆ ಬಂದರೆ ಆಸೆ ಹುಟ್ಟಿಸುವಂಥ ನಿಧಾನದ ಚೆಂಡು ಹಾಕಿ ನಮ್ಮಿಂದ ಎತ್ತಿ ಹೊಡೆಸುತ್ತಿದ್ದ.

ಹೋದ ವರ್ಷ ಅವನು ರಾಜ್ಯ ತಂಡಕ್ಕೆ ಆಯ್ಕೆಯಾದ. ಮೊದಲ ಪಂದ್ಯದಲ್ಲೂ ಅದೇ ಚೆಂಡು ಹಾಕಿದ. ಬ್ಯಾಟ್ಸ್‌ಮನ್ ಅದನ್ನು ಸೀದಾ ಗ್ಯಾಲರಿಗೆ ಅಟ್ಟಿದ. ಅಂಪೈರ್ ಎರಡೂ ಕೈ ಎತ್ತಿದರು. ನಮ್ಮವನೂ ಎತ್ತಿದ, ಕುಣಿಯುತ್ತ ಓಡಿ ಕ್ಯಾಪ್ಟನ್ ಕೊರಳಿಗೆ ಜೋತುಬಿದ್ದ. ನಿಯಮ ಗೊತ್ತಿಲ್ಲದವನೇನಲ್ಲ, ಆದರೆ ಮೈಗೆ ಹತ್ತಿದ ಅಭ್ಯಾಸ ಎಲ್ಲಿ ಕೇಳುತ್ತದೆ?

“ಲೋ, ಅದು ಸಿಕ್ಸ್,” ಎಂದ ಕ್ಯಾಪ್ಟನ್.

ಇತ್ತ ಮೊಬೈಲ್ ಸುತ್ತ ಕೂತಿದ್ದ ನಾವೂ ಎದ್ದು ಕುಣಿಯುತ್ತಿದ್ದೆವು. ಒಬ್ಬರಿಗೂ ನಾಚಿಕೆಯಿಲ್ಲ.

ಸಂಜೆ ಮೈಲೇಶ ಫೋನ್ ಮಾಡಿದ. “ಯವ್ವಾ, ಇಲ್ಲಿ ಅದಕ್ಕ ಆರು ರನ್ ಕೊಡ್ತಾರ.”

ಚೌಡವ್ವ ಯೋಚಿಸಿದಳು. “ಅಲ್ಲಿ ಯಾರೂ ಮೆಣಸಿನಕಾಯಿ ಒಣಾಕ ಹಾಕಿಲ್ಲೇನು?”

“ಇಲ್ಲಬೇ.”

“ಹಂಗಾರ ನಾಳೆ ನೀನೂ ಎತ್ತಿ ಹೊಡಿ.”