ಓಟೇ ಆಗದ ಊರಿನಲ್ಲಿ ನನ್ನ ಓಟು

ಶಿಗ್ಗಾಂವದಲ್ಲಿ ಬಸ್ಸಿನಿಂದ ಇಳಿದ ಗಳಿಗೆಯಲ್ಲೇ ನಾನು ಒಬ್ಬ ಮರ್ಯಾದಸ್ಥರನ್ನು ಕಳ್ಳ ಎಂದು ಕೂಗಿದೆ. ಬಿಳಿ ಟೋಪಿಯ, ದಪ್ಪ ಮೀಸೆಯ ಮನುಷ್ಯರೊಬ್ಬರು ಒಂದು ಮಾತೂ ಕೇಳದೆ ನನ್ನ ಟ್ರಂಕನ್ನು ಹೆಗಲಿಗೇರಿಸಿ ನಡೆದೇಬಿಟ್ಟಿದ್ದರು. ನಾನು ಕೂಗುತ್ತಾ ಹಿಂದೆ ಓಡಿದೆ. ಅವರು ತಿರುಗಿ ನೋಡಿ, "ಬರ್ರಿ ಅಕ್ಕೋರ, ಚಾ ಆರತೈತಿ" ಎಂದರು. ಅಕ್ಕೋರು ಎಂದರೆ ಇಲ್ಲಿ ಟೀಚರಮ್ಮ. ಅವರು ನನ್ನ ಮನೆಯ ಮಾಲೀಕರಾಗಲಿದ್ದ ರುದ್ರಪ್ಪನವರು, ಕಾಳಿನ ದಲಾಲಿ ಅಂಗಡಿಯವರು. ಹೈಸ್ಕೂಲಿಗೆ ಹೊಸಬಳು ಬರುತ್ತಾಳೆಂದು ಕೇಳಿ ತಾವಾಗಿಯೇ ಬಂದಿದ್ದರು. ನಾನು ಕೂಗಿದ ಸುದ್ದಿಗೆ ಪೇಟೆಯೆಲ್ಲ ಬಹಳ ದಿನ ನಕ್ಕಿತು.

ಅಣ್ಣಾ, ನಂಜನಗೂಡಿನಲ್ಲಿ ಕುಳಿತು ಈ ಕಾಗದ ಓದುವ ನಿಮಗೆ ಮೊದಲೇ ಹೇಳಿಬಿಡುತ್ತೇನೆ: ನನಗೆ ಈ ಊರಿನ ಮೇಲೆ ಸಿಟ್ಟಿದೆ. ಕೆಟ್ಟವರು ಕೆಟ್ಟದ್ದು ಮಾಡಿದರೆ ಬೈದು ಸುಮ್ಮನಾಗಬಹುದು. ಇಲ್ಲಿ ಒಳ್ಳೆಯವರು ಬಾಗಿಲು ತೆಗೆದು, ಚಾ ಕೊಟ್ಟು, ಕೆಟ್ಟವರನ್ನು ಒಳಗೆ ಕೂರಿಸಿದರು. ಅದನ್ನು ನಾನು ನೋಡಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಒಂಟಿ ಹೆಂಗಸಿಗೆ ನಮ್ಮ ಕಡೆ ಮನೆ ಸಿಗಬೇಕಾದರೆ ಎಷ್ಟು ಜನರ ಶಿಫಾರಸು ಬೇಕು! ಇಲ್ಲಿ ರುದ್ರಪ್ಪನವರು ಅಂಗಳದಾಚೆಯ ಖೋಲಿಯ (ಕೋಣೆಯನ್ನು ಹೀಗೆನ್ನುತ್ತಾರೆ) ಬೀಗದ ಕೈ ಕೊಟ್ಟು, "ಬಾಡಿಗಿ ಮಾತ ಆಮ್ಯಾಲೆ ಆಡೂಣ್ರಿ" ಎಂದರು. ಮುದ್ದೆಗೆ ಒಗ್ಗಿದ ನನ್ನ ದವಡೆ ಕಟಕ ರೊಟ್ಟಿಗೆ ಸೋತುಹೋಯಿತು. ಮಕ್ಕಳು ನನ್ನ "ಮಾಡ್ಕೊಳ್ಳಿ, ಹೋಗ್ಬನ್ನಿ" ಕೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದವು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೂ ಮದುವೆಗೆ ಹೋದರೆ, ಸಂತೆಗೆ ಹೋದರೆ ನನ್ನನ್ನು ಪರಿಚಯಿಸುವ ಮಾತು ಒಂದೇ, "ಇವರು ಮೈಸೂರ ಕಡೆಯವರು." ಯಾರಾದರೂ ಒಮ್ಮೆ "ನಮ್ಮವರು" ಎನ್ನಲಿ ಎಂದು ನಾನು ನಾಚಿಕೆಯಿಲ್ಲದೆ ಕಾದಿದ್ದೆ.

ಆ ಒಂಟಿತನದಲ್ಲಿ ಸಿಕ್ಕವಳು ಖೈರುನಬಿ. ಪುರಸಭೆಯ ಕಾಯಿಪಲ್ಲೆ ಬಜಾರದಲ್ಲಿ ಒಂದು ಸಣ್ಣ ಕಟ್ಟೆಯ ಮೇಲೆ ಕುಳಿತು ವೀಳ್ಯದೆಲೆ ಮಾರುತ್ತಿದ್ದಳು. ಅವಳ ತವರು ಹತ್ತಿಮತ್ತೂರು. ಎಲೆ ಬರುತ್ತಿದ್ದುದು ಸವಣೂರಿನ ತೋಟಗಳಿಂದ. ನಾನು ಎಲೆಯನ್ನು ಸೆರಗಿಗೆ ತಿಕ್ಕಿ ಒರೆಸುವುದನ್ನು ನೋಡಿ ಮೊದಲ ದಿನವೇ ಗದರಿದಳು. "ಎಲಿ ಅಂದ್ರ ತಾಟು ಅಂತ ಮಾಡೀರೇನ್ರಿ? ಕೂಸಿನ ಗಲ್ಲ ಒರಸಿದಂಗ ಒರಸ್ರಿ." ಶಾಲೆ ಬಿಟ್ಟ ಮೇಲೆ ನಾನು ಆ ಕಟ್ಟೆಯ ತುದಿಗೆ ಕೂರುವುದು ರೂಢಿಯಾಯಿತು. ಅವಳ ಬೈಗುಳವೇ ನನಗೆ ಊರಿನ ಭಾಷೆ ಕಲಿಸಿತು.

ಊರಿನ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿದ ದಿನ ಅವಳಿಗೆ ಪೇಢೆ ತಿನ್ನಿಸಿದೆ. ನಂಜನಗೂಡಿನ ಪಟ್ಟಿಯಿಂದ ತೆಗೆಸಿದಾಗ ಬೇಸರವಾಗಿತ್ತು, ನಿಜ. ಆದರೆ ಹೊಸ ಊರಿನಲ್ಲಿ ನನ್ನದು ಎನ್ನುವಂಥದ್ದು ಒಂದಾದರೂ ಸಿಕ್ಕಿತಲ್ಲ.

ಅಷ್ಟರಲ್ಲಿ ದಿಲ್ಲಿಯಲ್ಲಿ ಸರಕಾರಗಳು ಬೀಳುತ್ತಿದ್ದವು, ಪೇಟೆಯಲ್ಲಿ ಸಕ್ಕರೆ ಸಿಗುತ್ತಿರಲಿಲ್ಲ, ಸೀಮೆಎಣ್ಣೆಗೆ ನೂಕಾಟ. ಈ ಸಂದಿನಲ್ಲಿ ‘ನೆಲದ ದಂಡು’ ಎಂದು ತಮ್ಮನ್ನು ತಾವೇ ಕರೆದುಕೊಳ್ಳುವ ಪಕ್ಷವೊಂದು ತಲೆ ಎತ್ತಿತು. ಹಂಸಭಾವಿಯ ಸಂತೆಯಲ್ಲಿ ಅವರು ಮೊದಲು ಭಾಷಣ ಮಾಡಿದಾಗ ಜನ ಚುರುಮುರಿ ತಿನ್ನುತ್ತಾ ನಕ್ಕಿದ್ದರಂತೆ. ಈ ನೆಲದಲ್ಲಿ ಅಸಲಿ ಯಾರು, ನಕಲಿ ಯಾರು ಎಂದು ಆರಿಸಬೇಕು ಎನ್ನುವುದೇ ಅವರ ಭಾಷಣದ ತಿರುಳು. ಶಿಗ್ಗಾಂವದಲ್ಲಿ ಅವರ ಮುಂದಾಳು ಪ್ರಕಾಶ ಎಂಬ ಯುವಕ. ಇಸ್ತ್ರಿ ಅಂಗಿ, ಮೆಲುದನಿ. ಅವನ ಹುಡುಗರು ಸೀಮೆಎಣ್ಣೆ ಅಂಗಡಿಯ ಮುಂದೆ ಜನರನ್ನು ಸಾಲಾಗಿ ನಿಲ್ಲಿಸಿದರು. ಊರು ಹೊಗಳಿತು. ಕೆಲವು ದಿನಗಳಲ್ಲಿ ಖೈರುನಬಿಯಂಥವರನ್ನು ಸಾಲಿನ ಕೊನೆಗೆ ಕಳಿಸತೊಡಗಿದರು. ಸಾಲಂತೂ ನೆಟ್ಟಗಿತ್ತು, ಊರು ಆಗಲೂ ಹೊಗಳಿತು.

ಪುರಸಭೆಯ ಚುನಾವಣೆ ಬಂತು. ನಮ್ಮ ಕಡೆ ಚುನಾವಣೆ ಎಂದರೆ ಗೋಡೆ, ಗಲಾಟೆ, ಮೈಕು. ಇಲ್ಲಿಯ ಹೆಮ್ಮೆಯೇ ಬೇರೆ. ಹಿರಿಯರು ಒಬ್ಬರ ಪಡಸಾಲೆಯಲ್ಲಿ ಕುಳಿತು ಯಾರು ನಿಲ್ಲಬೇಕೆಂದು ಮಾತಾಡಿಕೊಳ್ಳುತ್ತಾರೆ, ಉಳಿದವರು ನಾಮಪತ್ರ ವಾಪಸು ಪಡೆಯುತ್ತಾರೆ, ಸಕ್ಕರೆ ಹಂಚುತ್ತಾರೆ. ಅವಿರೋಧ. "ನಮ್ಮಲ್ಲಿ ಓಟ ಆಗೂದಿಲ್ರಿ" ಎಂದು ಸಂಬಂಧ ಕೂಡಿಸುವಾಗಲೂ ಹೇಳಿಕೊಳ್ಳುತ್ತಾರೆ.

ಆ ಸಲ ಪಡಸಾಲೆ ರುದ್ರಪ್ಪನವರದು. ಕಾಳಿನ ದಲಾಲರ ಪೈಕಿ ಅವರು, ಎಣ್ಣೆ ಗಿರಣಿಯವರ ಪೈಕಿ ಇನ್ನೊಬ್ಬ ಸಾಹುಕಾರರು. ಇಬ್ಬರಿಗೂ ಅಧ್ಯಕ್ಷರಾಗುವ ಆಸೆ. ಇಬ್ಬರೂ ಗುಟ್ಟಾಗಿ ಪ್ರಕಾಶನನ್ನು ಕರೆಸಿ, ಎದುರಾಳಿಯನ್ನು ಕಟ್ಟಿಹಾಕಿದರೆ ನಿನ್ನವರಿಗೆ ನಮ್ಮ ಪಾಲಿನ ಕೆಲವು ವಾರ್ಡು ಬಿಡುತ್ತೇವೆ ಎಂದಿದ್ದರು. ಅವನು ಇಬ್ಬರ ಕಾಲನ್ನೂ ಮುಟ್ಟಿ ನಮಸ್ಕರಿಸಿ, ಇಬ್ಬರ ಚಹಾವನ್ನೂ ಕುಡಿದ.

ಅಂಗಳದಾಚೆಯೇ ಇದ್ದ ನನ್ನ ಕಿವಿಗೂ ಇದು ಬಿತ್ತು. ತಡೆಯಲಾಗಲಿಲ್ಲ. "ಓಟು ಆಗ್ಲಿ ಬಿಡಿ. ಆ ದಂಡಿನವರು ಬೇಕೋ ಬೇಡವೋ ಜನ ಹೇಳ್ಲಿ" ಎಂದೆ.

"ಓಟ ಆದ್ರ ಊರ ಒಡೀತೈತ್ರಿ ಅಕ್ಕೋರ," ಎಂದರು ರುದ್ರಪ್ಪನವರು.

"ಅವರು ಬಂದರೆ ಒಡೆಯಲ್ವಾ? ಅಸಲಿ ನಕಲಿ ಅಂತಿದ್ದಾರಲ್ಲ?"

"ಅದೆಲ್ಲಾ ಭಾಷಣದಾಗ ಅಂತಾರ್ರಿ. ಹುಡುಗ್ರು ಮನೀಗೆ ಬಂದು ಕಾಲ ಮುಗದು ಕೇಳ್ಯಾರ. ಇಲ್ಲ ಅಂತ ಹೆಂಗ ಅನ್ನೂದು? ನಾಕ ಮಂದಿ ಅದಾರ, ನಮ್ಮ ಕೈಯಾಗ ಇರ್ತಾರ."

ಮನೆಗೆ ಬಂದವನಿಗೆ ಇಲ್ಲ ಎನ್ನಬಾರದು ಎಂಬ ಮರ್ಯಾದೆಗೆ ಊರನ್ನೇ ಕೊಟ್ಟುಬಿಟ್ಟರು. ಸಕ್ಕರೆ ಹಂಚಿದರು. ನನ್ನ ಓಟು ನನ್ನ ಬಳಿಯೇ ಉಳಿಯಿತು.

ಅಧ್ಯಕ್ಷರನ್ನು ಆರಿಸುವ ದಿನ ಎರಡೂ ಕಡೆ ಸಮ ಸಮ ಆದಾಗ ಪ್ರಕಾಶನ ಕೈ ಎತ್ತ ಏಳುತ್ತದೋ ಅತ್ತಲೇ ಕುರ್ಚಿ. ಅವನು ಇಬ್ಬರನ್ನೂ ಒಬ್ಬರ ಮೇಲೊಬ್ಬರಿಗೆ ಎತ್ತಿಕಟ್ಟಿ ತಾನೇ ಕುಳಿತ. ಹಾನಗಲ್ಲಿನಲ್ಲೂ ಹಿರೇಕೆರೂರಿನಲ್ಲೂ ಹೀಗೇ ಆಯಿತೆಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು, ಮಳೆ ಬೆಳೆಯ ಮಾತಿನಷ್ಟೇ ತಣ್ಣಗೆ.

ಹೊಸ ಪುರಸಭೆಯ ಮೊದಲ ಠರಾವು (ನಿರ್ಣಯಕ್ಕೆ ಇಲ್ಲಿ ಹೀಗೆನ್ನುತ್ತಾರೆ) ಬಜಾರದ ಕಟ್ಟೆಗಳದ್ದು. ಕಟ್ಟೆ ಇನ್ನು ಮುಂದೆ ಈ ನೆಲದವರಿಗೆ ಮಾತ್ರ. ಖೈರುನಬಿಯ ಬುಟ್ಟಿಯನ್ನು ಕೆಳಗಿಳಿಸಿದರು. "ನಮ್ಮ ಅತ್ತಿ ಕುಂತ ಕಟ್ಟಿರಿ, ಅವರ ಅತ್ತಿ ಕುಂತ ಕಟ್ಟಿ. ನಾ ಎಲ್ಲಿಂದ ಬಂದಾಕಿ ಅಂತ ಹೇಳ್ತಾರ?" ಎಂದು ಅವಳು ಕೇಳಿದಾಗ ಬಜಾರಕ್ಕೆ ಬಜಾರವೇ ಕಾಯಿಪಲ್ಲೆ ಆರಿಸುವುದರಲ್ಲಿ ಮುಳುಗಿತ್ತು. ಠರಾವಿಗೆ ರುದ್ರಪ್ಪನವರೂ ಸಹಿ ಹಾಕಿದ್ದರು.

ನಾನು ನೇರ ಪಡಸಾಲೆಗೆ ಹೋದೆ. ಪ್ರಕಾಶ ಅಲ್ಲೇ ಕುಳಿತಿದ್ದ. ಅವಳ ಕಟ್ಟೆ ಅವಳಿಗೆ ಕೊಡಿ ಎಂದೆ. ಅವನು ನಕ್ಕ. "ನಿಮಗ್ಯಾಕ ಚಿಂತಿ ಅಕ್ಕೋರ? ನೀವು ಎಲ್ಲಿಯವರಾದ್ರೇನು, ನಮ್ಮವರ ಅಲ್ಲೇನ್ರಿ?"

"ಹೌದ್ಹೌದು, ನಮ್ಮವರ," ಎಂದು ರುದ್ರಪ್ಪನವರು ಖುಷಿಯಿಂದ ತಲೆಯಾಡಿಸಿ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು.

ಇಷ್ಟು ವರ್ಷ ಕಾದ ಮಾತು. ಮೈಯೆಲ್ಲ ಉರಿಯಿತು. ತಲೆತಲಾಂತರದಿಂದ ಇದ್ದವಳನ್ನು ಹೊರಗೆ ಹಾಕಿ, ಮೊನ್ನೆ ಟ್ರಂಕು ಹಿಡಿದು ಬಂದವಳನ್ನು ಒಳಗೆ ಕರೆಯುವವರಿಗೆ ನೆಲದ ಹೆಸರೇಕೆ ಬೇಕು? "ಬೇಡ," ಎಂದೆ. "ಚಹಾನೂ ಬೇಡ. ನಾನು ನಿಮ್ಮವಳಲ್ಲ." ರುದ್ರಪ್ಪನವರು ಕಪಾಳಕ್ಕೆ ಹೊಡೆಸಿಕೊಂಡವರಂತೆ ನೋಡಿದರು. ಅವರ ಪಡಸಾಲೆಯಲ್ಲಿ ಚಹಾ ಬೇಡ ಎಂದವರು ಯಾರೂ ಇರಲಿಲ್ಲ. ಖೋಲಿ ಬಿಡಲು ಅವರು ಹೇಳಲಿಲ್ಲ, ನಾನೇ ಬಿಟ್ಟೆ. ಈಗ ಸವಣೂರಿನಲ್ಲಿದ್ದೇನೆ, ದಿನಾ ಬಸ್ಸಿನಲ್ಲಿ ಶಾಲೆಗೆ ಬರುತ್ತೇನೆ.

ಖೈರುನಬಿ ಹೈವೇ ಪಕ್ಕದ ಧೂಳಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ನಾನು ಹೇಳಿ ಬಂದದ್ದನ್ನು ಕೇಳಿ ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳು ಸಿಟ್ಟಾದಳು.

"ಹಂಗ್ಯಾಕ ಅಂದ್ರಿ? ನನ್ನ ಊರ ಕಸಗೊಂಡ್ರು, ನಾ ಏನ್ ಮಾಡ್ಲಿ. ನಿಮಗ ಕೊಟ್ಟಿದ್ರಲ್ಲ, ಇಟಗೋಬೇಕಿಲ್ಲೋ?"

"ನಿನ್ನದನ್ನ ಕಿತ್ಕೊಂಡು ನನಗೆ ಕೊಟ್ರೆ ಹೇಗೆ ಇಟ್ಕೊಳ್ಳಲಿ?" ಎಂದೆ. ಅವಳು ಒಂದು ಎಲೆ ಒರೆಸಿ ನನ್ನ ಕೈಗಿಟ್ಟಳು.

ವಾಪಸು ಬಂದುಬಿಡು ಎಂದು ನೀವು ಬರೆಯುತ್ತೀರಿ. ಹೋದ ರಜೆಯಲ್ಲಿ ಬಂದಾಗ ನನ್ನ ಮಾತು ಕೇಳಿ ನಿಮ್ಮ ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡರು. ಹುಬ್ಬಳ್ಳಿ ಕಡೆ ಅತ್ತೆ ಎಂದರು. ನಿಮ್ಮ ಜಗಲಿಯಲ್ಲೂ ಒಬ್ಬ ಮೆಲುದನಿಯವನು ಕುಳಿತು ಕಾಫಿ ಕುಡಿಯುತ್ತಿದ್ದ, ಹುಷಾರಾಗಿರಿ. ನಾನು ಬರುವುದಿಲ್ಲ. ನಿಮ್ಮವಳಲ್ಲ ಎಂದು ಇವರ ಮುಖಕ್ಕೇ ಹೇಳಿದ್ದೇನೆ, ಆದರೆ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಶಿಗ್ಗಾಂವದಲ್ಲೇ ಇದೆ, ಖೈರುನಬಿಯದೂ ಇದೆ. ಮುಂದಿನ ಸಲ ಯಾರಾದರೂ ಒಬ್ಬರು ನಾಮಪತ್ರ ವಾಪಸು ಪಡೆಯದೆ ನಿಂತರೆ ಸಾಕು, ನಾವಿಬ್ಬರೂ ಸಾಲಿನಲ್ಲಿ ನಿಲ್ಲುತ್ತೇವೆ.