ಮಾಳಿಗೆಗಳ ಮೇಲಿನ ದಾರಿ

ನಾನು ಚಿಕ್ಕವನಿದ್ದಾಗ ಕೊಟ್ಟೂರಿನ ನಮ್ಮ ಓಣಿಯಲ್ಲಿ ನಡೆದಾಡಲು ಎರಡು ನೆಲಗಳಿದ್ದವು. ಕೆಳಗಿನದು ಕಲ್ಲು ಹಾಸಿದ್ದು. ಅದು ಗಂಡಸರದು, ಗಾಡಿಗಳದು. ಮೇಲಿನದು ಮಣ್ಣಿನ ಮಾಳಿಗೆಗಳದು. ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಈ ತುದಿಯಿಂದ ಆ ತುದಿಗೆ ಮಾಳಿಗೆಯ ಮೇಲೆಯೇ ಹೋಗಬಹುದಿತ್ತು. ಅಲ್ಲಿ ಹೆಂಗಸರು ಸಂಡಿಗೆ ಹಾಕುತ್ತಿದ್ದರು, ಮೆಣಸಿನಕಾಯಿ ಒಣಗಿಸುತ್ತಿದ್ದರು, ಮನಸ್ಸು ಬಿಚ್ಚಿ ನಗುತ್ತಿದ್ದರು.

ಅದು ಊರಿನ ಹಳೆಯ ಶ್ರೀಮಂತರ ಓಣಿ. ಶೇಂಗಾ, ಹತ್ತಿ ವ್ಯಾಪಾರದವರು. ಆನೆ ಹೋಗುವಷ್ಟು ದೊಡ್ಡ ಸಾಗವಾನಿ ಬಾಗಿಲುಗಳು, ಚೌಕಟ್ಟಿನಲ್ಲಿ ಕೆತ್ತಿದ ಗಿಳಿಗಳು, ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಣೆ. ಬಿಸಿಲಲ್ಲಿ ಅಲೆದು ಒಳಗೆ ಕಾಲಿಟ್ಟರೆ ಬಾವಿಗಿಳಿದಂಥ ತಂಪು, ಶೇಂಗಾ ಎಣ್ಣೆ ಮತ್ತು ವಿಭೂತಿ ಕಲೆತ ವಾಸನೆ. ನಾವು ಶ್ರೀಮಂತರಲ್ಲ. ಅಪ್ಪ ಪೋಸ್ಟ್ ಮಾಸ್ತರು; ಓಣಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆಯಾಚೆ ಎತ್ತರದ ಕಲ್ಲುಗೋಡೆ. ದಾರಿ ಅಲ್ಲಿಗೆ ಮುಗಿಯುತ್ತಿತ್ತು.

ಅವತ್ತು ಅಕ್ಕನಿಗೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಬೆಳಗಾಗುವಷ್ಟರಲ್ಲಿ ಓಣಿಯ ನಡುವಿನ ದೊಡ್ಡ ಮನೆಯ ಅಜ್ಜ ತೀರಿಕೊಂಡರು. ಓಣಿಯ ಕಟ್ಟಳೆ ಬಿಗಿಯಾಗಿತ್ತು. ಹೆಣ ಎತ್ತುವವರೆಗೆ ಯಾರೂ ಒಲೆ ಹೊತ್ತಿಸುವಂತಿಲ್ಲ. ಸತ್ತವರ ಮನೆಯ ಬಾಗಿಲ ಮುಂದೆ ಹಾದು ತಮ್ಮ ಕೆಲಸಕ್ಕೆ ಹೋಗುವಂತಿಲ್ಲ. ಹೋದರೆ ಅಲ್ಲಿಗೇ ಹೋಗಬೇಕು, ಕುಳಿತು, ಮನೆಗೆ ಮರಳಿ ಸ್ನಾನ ಮಾಡಬೇಕು. ಹೆಣ ಎತ್ತುವುದು ಸಂಜೆಗೆ. ಪರೀಕ್ಷೆ ಬೆಳಿಗ್ಗೆ.

“ಮುಂದಿನ ಸಲ ಬರೀವಂತಿ ಬಿಡವ್ವ,” ಅಂದರು ಅಪ್ಪ. ಅಕ್ಕ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಅವಳಿಗೆ ಆಗಲೇ ಗಂಡು ನೋಡುತ್ತಿದ್ದರು. ಮುಂದಿನ ಸಲ ಎಂಬುದೊಂದು ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆಗ ಮೇಲಿನಿಂದ ದನಿ ಬಂತು. ಪಕ್ಕದ ಮನೆಯ ದೊಡ್ಡಮ್ಮ ನಮ್ಮ ಮಾಳಿಗೆಯ ಬೆಳಕಿಂಡಿಗೆ ಮುಖವಿಟ್ಟಿದ್ದರು. “ಏನ್ರಿ ಮಾಸ್ತರ್ರ, ಊರ ಮಂದಿ ಕಾಗದಾನೆಲ್ಲ ಮುಟ್ಟಸ್ತೀರಿ, ಮಗಳನ್ನ ಸಾಲಿಗೆ ಮುಟ್ಸಾಕ ಆಗವಲ್ದೇನು? ಓಣಿ ಬಂದ್ ಆಗೈತಿ, ಮಾಳಿಗಿ ಬಂದ್ ಆಗೈತೇನು? ಏಣಿ ಹಾಕ್ರಿ!”

ಅಪ್ಪ ಏಣಿ ಹಾಕಿದರು. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು, ಹಿಂದೆ ನಾನು. ದೊಡ್ಡಮ್ಮ ಮುಂದೆ ನಡೆದರು. ಪ್ರತಿ ಮಾಳಿಗೆಯಲ್ಲೂ ಆ ಮನೆಯ ಹೆಂಗಸರು ಕಾದಿದ್ದರು. ಸಂಡಿಗೆಯ ಬಟ್ಟೆ ಸರಿಸಿ, ಕೈ ಹಿಡಿದು, ಗಿಡ್ಡ ಗೋಡೆ ದಾಟಿಸಿದರು. ಉಪವಾಸ ಹೊರಟ ಹುಡುಗಿಯ ಬಾಯಿಗೆ ಯಾರೋ ಬೆಲ್ಲದ ತುಂಡು ಇಟ್ಟರು.

ಇಲ್ಲಿ ಒಂದು ತಕರಾರಿದೆ. ನಾನು ಏಣಿಯನ್ನೇ ಹತ್ತಲಿಲ್ಲ, ಮನೆಯಲ್ಲಿ ಹಸಿವೆಂದು ಅಳುತ್ತ ಕುಳಿತಿದ್ದೆ ಎಂದು ಅಕ್ಕ ಈಗಲೂ ವಾದಿಸುತ್ತಾಳೆ. ಇರಬಹುದು. ಅವಳು ಹೇಳಿದ್ದನ್ನು ಕೇಳಿ ಕೇಳಿ ನನ್ನ ಕಣ್ಣುಗಳಷ್ಟೇ ಮಾಳಿಗೆ ಹತ್ತಿರಬಹುದು. ಆದರೆ ಮುಂದಿನದನ್ನು ಇಬ್ಬರೂ ಒಂದೇ ಥರ ಹೇಳುತ್ತೇವೆ.

ದೊಡ್ಡ ಮನೆಯ ಮಾಳಿಗೆ ಬಂದಾಗ ಅಕ್ಕ ನಿಂತುಬಿಟ್ಟಳು. ಬೆಳಕಿಂಡಿಯ ಕೆಳಗೆ ಪಡಸಾಲೆಯಲ್ಲಿ ಅಜ್ಜನನ್ನು ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆ ನಡೆದಿತ್ತು.

“ನಾ ದಾಟಂಗಿಲ್ಲ ದೊಡ್ಡಮ್ಮ. ಅಜ್ಜಾರ ತಲಿ ಮ್ಯಾಲೆ ಕಾಲಿಡಲೇನು?”

ಅಕ್ಕನ ನೆರಳು ಬೆಳಕಿಂಡಿಗೆ ಬಿದ್ದು ಕೆಳಗೆ ಮಬ್ಬಾಯಿತು. ಅಜ್ಜನ ಪಕ್ಕ ಕುಳಿತಿದ್ದ ಅಜ್ಜಿ ತಲೆ ಎತ್ತಿದರು. ಭಜನೆ ನಿಂತಿತು.

“ಯಾರವ್ವ ಮ್ಯಾಲೆ?”

“ನಾನ್ರಿ ಅಮ್ಮಾರ, ಮಾಸ್ತರ ಮಗಳು. ಪರೀಕ್ಷಿ ಐತ್ರಿ.”

ಅಜ್ಜಿ ಗಂಡನ ಮುಖ ನೋಡಿದರು. ಆಮೇಲೆ ಮತ್ತೆ ಮೇಲೆ ನೋಡಿದರು. “ಮತ್ತ ನಿಂತೀಯಲ್ಲ? ಹಾಯಿ. ಮೆಲ್ಲಕ ಹಾಯಿ ಮಗಳ, ಕಿಂಡಿ ಹತ್ರ ಮಣ್ಣು ಸಡ್ಲೈತಿ.”

ಅಕ್ಕ ಬರಿಗಾಲಲ್ಲಿ, ಉಸಿರು ಹಿಡಿದು, ಹೆಜ್ಜೆ ಇಟ್ಟಳು. ಎಷ್ಟು ಹಗುರಾಗಿ ಇಟ್ಟರೂ ಕಿಂಡಿಯಿಂದ ಚೂರು ಮಣ್ಣು ಉದುರಿತು. ಅಜ್ಜಿ ಎದ್ದುನಿಂತು ತಮ್ಮ ಸೆರಗನ್ನು ಬಿಡಿಸಿ ಅಜ್ಜನ ತಲೆಯ ಮೇಲೆ ಚಪ್ಪರದ ಹಾಗೆ ಹಿಡಿದರು. ಅಕ್ಕ ಪೂರ್ತಿ ದಾಟುವವರೆಗೆ ಹಾಗೆಯೇ ಹಿಡಿದಿದ್ದರು. ಆಮೇಲೆ ಕುಳಿತರು. ಭಜನೆ ಮತ್ತೆ ಶುರುವಾಯಿತು.

ಆ ತುದಿಯ ಮೂಲೆಮನೆಯ ಏಣಿ ಇಳಿದು ಅಕ್ಕ ಓಡಿದಳು. ಗಂಟೆ ಹೊಡೆಯುವ ಹೊತ್ತಿಗೆ ಬೆಂಚಿನ ಮೇಲಿದ್ದಳಂತೆ, ಪಾದಕ್ಕೆ ಇನ್ನೂ ಮಾಳಿಗೆಯ ಮಣ್ಣು ಮೆತ್ತಿಕೊಂಡಿತ್ತಂತೆ. ಪಾಸಾದಳು. ಕಾಲೇಜು ಓದಿದಳು, ಮುಂದೆ ಅದೇ ಗಣಿತವನ್ನು ಊರಿನ ಎಷ್ಟೋ ಹುಡುಗಿಯರಿಗೆ ಕಲಿಸಿದಳು.

ಮಕ್ಕಳೇ, ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ಅಜ್ಜ ತೀರಿಕೊಂಡರು. ಅವತ್ತು ನಿಮಗೂ ಪರೀಕ್ಷೆ ಇತ್ತು. ಲಿಫ್ಟ್ ಎಂದಿನಂತೆ ಇಳಿಯಿತು, ಶಾಲೆಯ ಬಸ್ಸು ಗೇಟಿಗೆ ಬಂತು, ನಿಮ್ಮನ್ನು ಯಾರೂ ತಡೆಯಲಿಲ್ಲ. ಒಳ್ಳೆಯದೇ ಆಯಿತು, ಅಕ್ಕನ ಆ ಬೆಳಗಿನ ಸಂಕಟ ನಿಮಗೆ ಬೇಡ. ಸಂಜೆ ಬಂದು ನೀವು ಕೇಳಿದಿರಿ, ತೀರಿಕೊಂಡವರು ಯಾರು ಅಂತ. ಅವರ ಮನೆ ನಮ್ಮ ನೆತ್ತಿಯ ಮೇಲೆಯೇ ಇತ್ತು. ನನಗೂ ಗೊತ್ತಿರಲಿಲ್ಲ.