ಐದೆಸಳಿನ ಅಂಚೆ ಮುದ್ರೆ

ಸ್ಟಾಂಪು ಕೂಡಿಹಾಕುವವರು ಸ್ಟಾಂಪಿನ ಚಿತ್ರ ನೋಡುತ್ತಾರೆ. ನಾನು ನೋಡುತ್ತಿದ್ದುದು ಅದರ ಮೇಲೆ ಅಂಚೆಯವರು ಒತ್ತಿದ ಮುದ್ರೆಯನ್ನು. ಮಣಿಪಾಲದಲ್ಲಿ ಸ್ಟಾಂಪಿನ ಹುಚ್ಚಿದ್ದ ಒಬ್ಬರು ಡಾಕ್ಟರಿದ್ದರು. ನಾನು ಮುದ್ರೆಗಳನ್ನು ಬರೆದಿಟ್ಟ ಪುಸ್ತಕ ತಿರುವಿ ಹಾಕಿ, "ಎಂತ ಮಾಷ್ಟ್ರೇ, ಎಲ್ಲರೂ ಮಸಿ ಇಲ್ಲದ್ದನ್ನು ಹುಡುಕಿದರೆ ನೀವು ಮಸಿಯನ್ನೇ ಹುಡುಕುವುದಾ?" ಎಂದು ನಕ್ಕರು. ನಾನೂ ಹಲ್ಲು ಕಿರಿದೆ. ಕಾರಣ ಹೇಳಿಕೊಳ್ಳುವಷ್ಟು ಸಲಿಗೆ ನಮ್ಮೊಳಗೆ ಇರಲಿಲ್ಲ.

ಕಾರಣ ನನ್ನ ಅಪ್ಪ. ಸ್ವಾತಂತ್ರ್ಯಕ್ಕೆ ಮೊದಲು ಅವರು ಕಾಪುವಿನ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆಯ ಮಾಸ್ತರರು. ಶಾಲೆಯ ಜಗಲಿಯಲ್ಲೇ ಊರಿನ ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಒಮ್ಮೆ ಸರಕಾರಿ ಮುದ್ರೆ ಮುರಿಯಿತು. ಹೊಸದಕ್ಕೆ ಬರೆದರೆ ಉತ್ತರವೇ ಇಲ್ಲ. ಮುದ್ರೆ ಬೀಳದ ಸ್ಟಾಂಪನ್ನು ಯಾರಾದರೂ ಕಿತ್ತು ಮತ್ತೆ ಅಂಟಿಸಿಯಾರು ಎಂಬ ಹೆದರಿಕೆಯಿಂದ ಅಪ್ಪ ಹಲಸಿನ ಮರದ ತುಂಡಿನಲ್ಲಿ ಐದೆಸಳಿನ ಹೂವು ಕೆತ್ತಿದರು. ಶಾಲೆಗೆಂದು ಶಾಯಿಯ ಗುಳಿಗೆ ನೀರಲ್ಲಿ ಕರಗಿಸಿ ಮಾಡುತ್ತಿದ್ದ ನೇರಳೆ ಶಾಯಿಯಲ್ಲಿ ಅದನ್ನು ಅದ್ದಿ ಒತ್ತಿದರು. ಕೆಲವು ತಿಂಗಳು ಹೀಗೇ ನಡೆಯಿತು. ಹೊಸ ಮುದ್ರೆ ಬಂದ ದಿನ ಮರದ ತುಂಡನ್ನು ಬಚ್ಚಲೊಲೆಗೆ ಹಾಕಿದರು.

ಆಮೇಲೆ ಬಂದರು ಇನ್‌ಸ್ಪೆಕ್ಟರು. ಮುದ್ರೆ ಇಲ್ಲದ ತಿಂಗಳುಗಳಲ್ಲಿ ಏನು ಒತ್ತಿದಿರಿ, ತೋರಿಸಿ ಎಂದರು. ತೋರಿಸಲು ಏನಿತ್ತು? ಒತ್ತಿದ ಕಾಗದಗಳು ಊರೂರಿಗೆ ಹೋಗಿಯಾಗಿತ್ತು, ಅಚ್ಚು ಬೂದಿಯಾಗಿತ್ತು. "ನೀವು ಏನೂ ಒತ್ತಿಲ್ಲ. ಸ್ಟಾಂಪು ಕಿತ್ತು ಮತ್ತೆ ಮಾರಿದ್ದೀರಿ" ಎಂದು ಬರೆದುಕೊಂಡು ಹೋದರು. ಅಂಚೆ ಕೆಲಸ ಹೋಯಿತು. ಅದು ಹೋದರೆ ಹಾಳಾಗಿ ಹೋಗಲಿ, ಊರಿನವರ ಬಾಯಲ್ಲಿ ಅಪ್ಪ 'ಸ್ಟಾಂಪು ಕದ್ದ ಮಾಸ್ತರ' ಆದರು. ನಾಲ್ಕು ಮನೆಗೆ ಹೋಗಿ ಕಾಗದ ತೋರಿಸಿ ಎಂದು ಕೇಳುವ ಜಾಯಮಾನ ಅವರದಲ್ಲ. ಬಾಯಿ ಮುಚ್ಚಿಕೊಂಡು ಇಪ್ಪತ್ತು ವರ್ಷ ಕಳೆದರು.

ಕಾರ್ಕಳದಲ್ಲಿ ನನಗೆ ಮಾಸ್ತರಿಕೆ ಸಿಕ್ಕಿದ ಮೇಲೆ ಆ ಹೂವನ್ನು ಹುಡುಕಲು ನಾನೇ ಹೊರಟೆ. ರಜೆ ಸಿಕ್ಕಿದರೆ ಸಾಕು, ಬಸ್ಸು ಹತ್ತಿ ಹಳೆಯ ಮನೆಗಳಿಗೆ ಹೋಗಿ ಕಾಗದ ಕೇಳುವುದು. ಕಂಡ ಮುದ್ರೆಯನ್ನೆಲ್ಲ ಪುಸ್ತಕದಲ್ಲಿ ಬರೆದು, ಯಾವ ಊರು, ಯಾವ ವರ್ಷ ಎಂದು ಗುರುತು ಹಾಕುವುದು. ಕಲ್ಯಾಣಪುರದಲ್ಲಿ ಗೆರೆಗಳದ್ದು ಸಿಕ್ಕಿತು, ಉಡುಪಿಯಲ್ಲಿ ಚುಕ್ಕೆಗಳದ್ದು, ಒಂದರೊಳಗೊಂದು ಸುತ್ತಿನದ್ದು. ಪುಸ್ತಕ ತುಂಬಿತು. ಹೂವು ಮಾತ್ರ ಇಲ್ಲ.

ಕೊನೆಗೆ ಅದು ಸಿಕ್ಕಿದ್ದು ಶಿರ್ವದಲ್ಲಿ, ಕೊಂಕಣಿ ಮಾತಾಡುವ ಒಬ್ಬ ಕ್ರಿಸ್ತುವ ಹೆಂಗಸಿನ ಮನೆಯಲ್ಲಿ. ಅವರ ತವರು ನಮ್ಮ ಹಳ್ಳಿ. ಮದುವೆಯಾದ ಹೊಸತರಲ್ಲಿ ಅವರ ಅಪ್ಪ ಬರೆದ ಕಾಗದಗಳನ್ನು ಲಕೋಟೆ ಸಮೇತ ಕಂಬಿಗೆ ಪೋಣಿಸಿ ತೂಗುಹಾಕಿದ್ದರು. ಹನ್ನೊಂದು ಲಕೋಟೆಗಳಲ್ಲಿ ಹೂವು! ನೇರಳೆ ಬಣ್ಣ, ಐದೆಸಳು. ಒಂದೂ ಸ್ಟಾಂಪಿನ ಅಂಚು ದಾಟಿರಲಿಲ್ಲ, ಅಷ್ಟು ಅಚ್ಚುಕಟ್ಟು ನಮ್ಮಪ್ಪ.

"ಬಾಯಮ್ಮ, ಇದು ನನಗೆ ಬೇಕಿತ್ತು" ಎಂದೆ.

"ಅಯ್ಯೋ, ಅಪ್ಪ ಬರೆದದ್ದು, ಹೇಗೆ ಕೊಡುವುದು ಮಾಷ್ಟ್ರೇ?"

"ಕಾಗದ ಬೇಡ. ಸ್ಟಾಂಪು ಕೊಟ್ಟರೆ ಸಾಕು."

"ಅಷ್ಟೇಯಾ? ಹಾಗಾದರೆ ಬರುವ ಆದಿತ್ಯವಾರ ಬನ್ನಿ, ತೆಗೆದಿಡ್ತೇನೆ."

ಆಗಲೇ ಒಂದು ಕತ್ತರಿ ಕೇಳಿ ಕತ್ತರಿಸಿಕೊಂಡು ಬರಬಾರದಿತ್ತೇ? ಹೆಂಗಸಿನ ಖಾಸಗಿ ಕಾಗದಕ್ಕೆ ಕೈಹಾಕುವುದು ಹೇಗೆ ಎಂಬ ಸಂಕೋಚ. ಬೆಂಕಿ ಬೀಳಲಿ ಆ ಸಂಕೋಚಕ್ಕೆ!

ಅಪ್ಪನಿಗೆ ಹೇಳಿದೆ. "ಐದೂ ಎಸಳು ಕಾಣ್ತದಾ?" ಎಂದು ಕೇಳಿದರು. ಕಾಣುತ್ತದೆ ಎಂದೆ. "ಹಾಗಾದರೆ ತಾ. ನಾನೇ ಉಡುಪಿಗೆ ತೆಗೆದುಕೊಂಡು ಹೋಗಿ ದೊಡ್ಡ ಅಧಿಕಾರಿಗೆ ತೋರಿಸ್ತೇನೆ." ವಾರವಿಡೀ ಅರ್ಜಿ ಬರೆದರು, ಹರಿದರು, ಮತ್ತೆ ಬರೆದರು.

ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಬಂದ ಬಾಯಮ್ಮ ನನಗೆ ಕಾಫಿ ಕೊಟ್ಟು, ಒಂದು ಪೊಟ್ಟಣ ಕೈಗಿಟ್ಟರು. ಬಿಚ್ಚಿದೆ. ಹನ್ನೊಂದು ಸ್ಟಾಂಪುಗಳು, ಹನ್ನೊಂದರಲ್ಲೂ ಅರಸನ ತಲೆ. ಹೂವು ಒಂದರಲ್ಲೂ ಇಲ್ಲ.

"ಇಗರ್ಜಿಯಲ್ಲಿ ಮಾರಿ ಮಿಷನ್ನಿಗೆ ದುಡ್ಡು ಕೊಡ್ಲಿಕ್ಕೆ ಹಳೇ ಸ್ಟಾಂಪು ಒಟ್ಟು ಮಾಡ್ತಾರಲ್ವಾ, ನಮಗೆಲ್ಲ ಅಭ್ಯಾಸ ಉಂಟು" ಎಂದರು ಅವರು ಹೆಮ್ಮೆಯಿಂದ. "ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆ. ಮೇಲೆ ಮಸಿ ಮೆತ್ತಿತ್ತು, ಮೆಲ್ಲಗೆ ಉಜ್ಜಿ ತೆಗೆದೆ. ಹೊಸದರ ಹಾಗೆ ಆಗಿದೆ ನೋಡಿ!"

ಕೂಗಾಡಲೇ? ನನ್ನ ಮೇಲಿನ ಪ್ರೀತಿಗೆ ತಾನೇ ಅಷ್ಟು ಮಾಡಿದ್ದು. "ಚೆಂದ ಆಗಿದೆ" ಎಂದೆ, ಕಾಫಿ ಕುಡಿದೆ. ಬಸ್ಸಿನಲ್ಲಿ ಕೂತು ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ. ಊರೂರಲ್ಲಿ 'ಸ್ಟಾಂಪು, ಸ್ಟಾಂಪು' ಎಂದು ಕೇಳಿಕೊಂಡು ತಿರುಗಿದವನು, ಮುದ್ರೆ ಬೇಕು ಎಂದು ಒಂದು ಮಾತು ಆ ಹೆಂಗಸಿಗೆ ಹೇಳಲಿಲ್ಲ.

ಅಪ್ಪ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಪೊಟ್ಟಣ ತೆಗೆದುಕೊಂಡು ಒಂದೊಂದೇ ಸ್ಟಾಂಪನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ನಡೆದದ್ದನ್ನು ತೊದಲುತ್ತ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹನ್ನೊಂದನ್ನೂ ಪೊಟ್ಟಣಕ್ಕೆ ಹಾಕಿ, ಮಡಚಿ, ನನ್ನ ಕೈಯಲ್ಲಿಟ್ಟರು.

"ಇದನ್ನು ಯಾರಿಗೂ ತೋರಿಸಬೇಡ ಮಾರಾಯ" ಎಂದರು. "ನಾನು ಕದ್ದದ್ದು ಅಂತ ಆ ಇನ್‌ಸ್ಪೆಕ್ಟರು ಹೇಳಿದ್ದು ಇಂಥದ್ದನ್ನೇ."